ಬ್ರೇಕರ್ ಹಿಡಿದ ಕೈಗೆ ಜೋಮು ಯಾಕೆ?

ಈ ಸಲ ಸಂಪಾದಕರು ಕಳಿಸಿದ ಕವರಿನಲ್ಲಿ ಹನ್ನೊಂದು ಪತ್ರ ಇದ್ದವು. ಅದರಲ್ಲಿ ಐದು ಕಾಂಕ್ರೀಟ್ ಒಡೆಯುವ ಬ್ರೇಕರ್ ಮಷಿನ್ ಬಗ್ಗೆಯೇ. ಆಶ್ಚರ್ಯ ಏನಿಲ್ಲ. ಯುಗಾದಿ ಮುಗಿದ ಮೇಲೆ ಮಳೆ ಬೀಳುವ ತನಕ ನಮ್ಮ ಕಡೆ ಹಳೆ ಮನೆ ಒಡೆಯುವ ಕಾಲ. ಕಲಬುರಗಿಯ ನನ್ನ ಅಂಗಡಿ ಮುಂದೆ ರಿಪೇರಿಗೆ ಬಂದ ಬ್ರೇಕರ್‌ಗಳು ಸಾಲಾಗಿ ಮಲಗಿವೆ, ಜಾತ್ರೆಗೆ ಬಂದು ಗುಡಿ ಕಟ್ಟೆ ಮೇಲೆ ನಿದ್ದೆ ಹೋದವರ ಹಾಗೆ. ಮಿಕ್ಸರ್, ಪಂಪ್‌ಸೆಟ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆ ತನಕ ತಡೀರಿ. ಇವತ್ತು ಪೂರಾ ಬ್ರೇಕರ್.

ಪ್ರಶ್ನೆ: ಅಣ್ಣಾ, ನಾನು ಶಹಾಬಾದಿನವ. ವಯಸ್ಸು 29. ಆರು ವರ್ಷದಿಂದ ಬ್ರೇಕರ್ ಹೊಡೆಯುತ್ತೇನೆ. ಈಗೀಗ ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರ ಆಗುತ್ತದೆ. ಕೈ ಝಾಡಿಸಿದರೆ ಸರಿ ಹೋಗುತ್ತದೆ. ಮುಂಜಾನೆ ಅಂಗಿ ಗುಂಡಿ ಹಾಕಲು ಕಷ್ಟ. ಮೇಸ್ತ್ರಿ ‘ರೂಢಿ ಆಗ್ತದ ಬಿಡು’ ಅಂತಾರೆ. ಮಷಿನ್ ಒಳಗೆ ಏನಿದೆ? ಅದು ಹಿಂದಕ್ಕೆ ಯಾಕೆ ಒದೆಯುತ್ತದೆ? ಕೈ ಉಳಿಸಿಕೊಳ್ಳುವುದು ಹೇಗೆ?

ಉತ್ತರ: ತಮ್ಮಾ, ಮೊದಲು ಮೇಸ್ತ್ರಿ ಮಾತನ್ನು ಪಕ್ಕಕ್ಕಿಡು. ಇದು ರೂಢಿ ಆಗುವ ಸಂಗತಿ ಅಲ್ಲ. ಹೊಸ ಚಪ್ಪಲಿ ಕಚ್ಚಿದರೆ ವಾರದಲ್ಲಿ ರೂಢಿ ಆಗುತ್ತದೆ. ನರ ಹಾಗಲ್ಲ. ಅದು ಮೊದಲು ಜುಮುಜುಮು ಅಂತ ಕೂಗುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಸುಮ್ಮನಾದದ್ದನ್ನೇ ಜನ ರೂಢಿ ಅಂತಾರೆ.

ಈಗ ಒಳಗಿನ ಕಥೆ. ನಿನ್ನೆ ಸಂಜೆ ಒಂದು 16 ಕೆಜಿ ಮಷಿನ್ ಬೆಂಚಿನ ಮೇಲೆ ಬಿಚ್ಚಿಟ್ಟಿದ್ದೆ. ಪಕ್ಕದ ಚಹಾ ಅಂಗಡಿ ಹುಡುಗ ಇಣುಕಿ ನೋಡಿ, ‘ಇದರಾಗ ಸ್ಪ್ರಿಂಗೇ ಇಲ್ಲಲ್ರಿ, ಹ್ಯಾಂಗ ಹೊಡಿತದ?’ ಅಂದ. ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಒಳಗೆ ದೊಡ್ಡ ಸ್ಪ್ರಿಂಗ್ ಇದೆ, ಅದೇ ಬಿಟ್ಟನ್ನು, ಅಂದರೆ ತುದಿಗೆ ಹಾಕುವ ಉಕ್ಕಿನ ಉಳಿಯನ್ನು, ದೂಡುತ್ತದೆ ಅಂತ. ಇಲ್ಲ. ಅಲ್ಲಿ ಸ್ಪ್ರಿಂಗಿನ ಕೆಲಸ ಮಾಡುವುದು ಗಾಳಿ.

ಮೋಟಾರು ತಿರುಗುತ್ತದೆ. ಗೇರು ಅದರ ವೇಗ ಇಳಿಸುತ್ತದೆ. ಕ್ರ್ಯಾಂಕು, ಕನೆಕ್ಟಿಂಗ್ ರಾಡು ಸೇರಿ ಆ ತಿರುಗಾಟವನ್ನು ಹಿಂದೆ-ಮುಂದೆ ಓಡಾಟ ಮಾಡುತ್ತವೆ. ಬೈಕ್ ಇಂಜಿನ್ನಿನ ಉಲ್ಟಾ ಅನ್ನು. ರಾಡಿನ ತುದಿಗೆ ಪಿಸ್ಟನ್. ಅದರ ಮುಂದೆ, ಅದೇ ಕೊಳವೆಯೊಳಗೆ, ಸ್ಟ್ರೈಕರ್ ಅನ್ನುವ ಉಕ್ಕಿನ ದಪ್ಪ ತುಂಡು. ಇವೆರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ನಡುವೆ ಬರೀ ಗಾಳಿ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆ ದೂಡಿ ನೋಡು. ಒಳಗಿನ ಗಾಳಿ ವಾಪಸ್ ದೂಡುತ್ತದೆ, ಅಲ್ವಾ? ಅದೇ ಇಲ್ಲೂ. ಪಿಸ್ಟನ್ ಮುಂದೆ ಬಂದಾಗ ಗಾಳಿ ಹಿಂಡಿಕೊಂಡು ಸ್ಟ್ರೈಕರನ್ನು ಎಸೆಯುತ್ತದೆ. ಪಿಸ್ಟನ್ ಹಿಂದೆ ಸರಿದಾಗ ಗಾಳಿ ತೆಳುವಾಗಿ ಸ್ಟ್ರೈಕರನ್ನು ಎಳೆದುಕೊಳ್ಳುತ್ತದೆ. ಎಸೆದ ಸ್ಟ್ರೈಕರ್ ಹೋಗಿ ಮುಂದಿನ ಚಿಕ್ಕ ಬೋಲ್ಟಿಗೆ ಬಡಿಯುತ್ತದೆ, ಆ ಬೋಲ್ಟು ಬಿಟ್ಟಿಗೆ, ಬಿಟ್ಟು ಕಾಂಕ್ರೀಟಿಗೆ. ಈ ಗಾಳಿ ಸೋರದಂತೆ ಹಿಡಿಯುವುದು ಬೆರಳುಂಗುರದಷ್ಟು ದಪ್ಪದ ಒಂದೆರಡು ರಬ್ಬರ್ ಓರಿಂಗ್. ನಿನ್ನೆಯ ಮಷಿನ್‌ನಲ್ಲಿ ಅದು ಸವೆದು ಚಪ್ಪಟೆಯಾಗಿ, ಹಳೆ ಹೇರ್‌ಬ್ಯಾಂಡಿನ ಹಾಗೆ ಕೈಗೆ ಬಂತು.

ಈ ವರ್ಗದ ಮಷಿನ್ ಒಂದೊಂದು ಏಟಿಗೆ 40ರಿಂದ 45 ಜೂಲ್ ಕೊಡುತ್ತದೆ. ಜೂಲ್ ಅಂದರೆ ತಲೆ ಕೆಡಿಸಿಕೊಳ್ಳಬೇಡ. ನಾಲ್ಕೂವರೆ ಕೆಜಿ ಕಲ್ಲನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟರೆ ಸುಮಾರು ಅಷ್ಟು ಪೆಟ್ಟು. ಅಂಥದ್ದು ನಿಮಿಷಕ್ಕೆ 1300ರ ಹತ್ತಿರ. ಸೆಕೆಂಡಿಗೆ ಇಪ್ಪತ್ತೊಂದು ಇಪ್ಪತ್ತೆರಡು. ಗಾಳಿ ಸ್ಟ್ರೈಕರನ್ನು ಮುಂದಕ್ಕೆ ಎಸೆಯುವಾಗ ಮಷಿನ್ ಮೈಯನ್ನು ಅಷ್ಟೇ ಜೋರಾಗಿ ಹಿಂದಕ್ಕೆ ದೂಡುತ್ತದೆ. ಹಿಂದಕ್ಕೆ ಒದೆಯುವುದು ಅದೇ. ಮಷಿನ್ ಕೆಟ್ಟಿದೆ ಅಂತಲ್ಲ, ಹೊಡೆಯುವ ಯಾವುದಕ್ಕೂ ಈ ಒದೆತ ಇದ್ದದ್ದೇ. ಬಿಟ್ಟು ಗಟ್ಟಿ ಕಾಂಕ್ರೀಟಿಗೆ ಬಡಿದು ಪುಟಿದಾಗ ಇನ್ನೊಂದಿಷ್ಟು ಮೇಲೇರುತ್ತದೆ. ಎರಡೂ ಸೇರಿ ಹಿಡಿಕೆಗೆ, ಹಿಡಿಕೆಯಿಂದ ಅಂಗೈಗೆ.

ಈಗ ಒಂದು ಗುಟ್ಟು. ನೀನು ಗಮನಿಸಿರಬೇಕು. ಸ್ವಿಚ್ ಒತ್ತಿ ಮಷಿನ್ ಎತ್ತಿ ಹಿಡಿದರೆ ಮೋಟಾರು ಗುಂಯ್ ಅನ್ನುತ್ತದೆ, ಆದರೆ ಬಿಟ್ಟು ಹೊಡೆಯುವುದಿಲ್ಲ. ನೆಲಕ್ಕೆ ಊರಿದರೆ ಹೊಡೆಯಲು ಶುರು. ಯಾಕೆ? ಕೊಳವೆಯ ಪಕ್ಕದಲ್ಲಿ ಒಂದು ತೂತು ಇದೆ. ಬಿಟ್ಟು ಸಡಿಲವಾಗಿ ಕೆಳಗೆ ಜಾರಿದಾಗ ಬೋಲ್ಟೂ ಸ್ಟ್ರೈಕರೂ ಮುಂದೆ ಸರಿಯುತ್ತವೆ, ತೂತು ತೆರೆಯುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಹಿಂಡಲು ಗಾಳಿಯೇ ಇಲ್ಲದಿದ್ದರೆ ಏಟು ಎಲ್ಲಿಂದ? ಮಷಿನ್ ಊರಿದಾಗ ಬಿಟ್ಟು ಒಳಗೆ ಸರಿದು ತೂತು ಮುಚ್ಚುತ್ತದೆ. ಅಂದರೆ ನೀನು ಒತ್ತುವುದು ಕಾಂಕ್ರೀಟ್ ಒಡೆಯಲಿಕ್ಕೆ ಅಲ್ಲ. ಆ ತೂತು ಮುಚ್ಚಿರಲಿಕ್ಕೆ, ಮತ್ತೆ ಮಷಿನ್ ಕುಣಿಯದಂತೆ ತಡೆಯಲಿಕ್ಕೆ. ಅಷ್ಟೇ. ನೆಲ ಒಡೆಯುವಾಗ ಮಷಿನ್ನಿನ ತೂಕವೇ ಬಹುಪಾಲು ಸಾಕಾಗುತ್ತದೆ. ಕೈಯ ಭಾರ ಸ್ವಲ್ಪ ಸೇರಿಸಿದರೆ ಆಯಿತು. ನಮ್ಮ ಹುಡುಗರು ಏನು ಮಾಡುತ್ತಾರೆ? ಎದೆ, ಹೊಟ್ಟೆ, ಕೆಲವರು ತೊಡೆ ಕೂಡ ಹಿಡಿಕೆ ಮೇಲೆ ಹಾಕಿ ಬಗ್ಗುತ್ತಾರೆ. ಹಾಗೆ ಒತ್ತಿದರೆ ಏಟು ಜಾಸ್ತಿ ಆಗುವುದಿಲ್ಲ. ಸ್ಟ್ರೈಕರ್ ಎಷ್ಟು ಜೋರಾಗಿ ಬಡಿಯಬೇಕು ಅನ್ನುವುದನ್ನು ಪಿಸ್ಟನ್ನೂ ಗಾಳಿಯೂ ಆಗಲೇ ತೀರ್ಮಾನ ಮಾಡಿಬಿಟ್ಟಿವೆ. ನೀನು ಒತ್ತಿದಷ್ಟೂ ಮಷಿನ್ನಿಗೂ ನಿನ್ನ ಎಲುಬಿಗೂ ನಂಟು ಬಿಗಿಯಾಗುತ್ತದೆ, ನಡುಕ ಸಲೀಸಾಗಿ ಮೇಲೆ ಹತ್ತುತ್ತದೆ. ಹಿಡಿತವೂ ಹಾಗೇ. ಜಾರದಷ್ಟು ಹಿಡಿ, ಹಿಂಡಬೇಡ.

ನಾನು ಹೊಸಬರಿಗೆ ಹೇಳಿಕೊಡುವುದು ಒಂದೇ ಪಾಠ. ಕೈಯನ್ನು ನಿಧಾನ ಸಡಿಲಿಸುತ್ತಾ ಬಾ. ಮಷಿನ್ ಕುಣಿಯಲು ಶುರು ಮಾಡುವ ಜಾಗ ಒಂದು ಸಿಗುತ್ತದೆ. ಅದಕ್ಕಿಂತ ಒಂಚೂರು ಜಾಸ್ತಿ ಒತ್ತು. ಅದೇ ಸರಿಯಾದ ಒತ್ತು. ಹತ್ತು ನಿಮಿಷದಲ್ಲಿ ಕೈಗೆ ತಿಳಿಯುತ್ತದೆ.

ಇನ್ನು ಹೊಡೆಯುವ ರೀತಿ. ಸ್ಲ್ಯಾಬಿನ ನಟ್ಟನಡುವೆ ಬಿಟ್ಟು ಊರಿ ನೇರ ಕೆಳಗೆ ಇಳಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಕಾಂಕ್ರೀಟ್ ಸರಿಯಲು ಜಾಗವೇ ಇಲ್ಲ. ಬಿಟ್ಟು ಅರ್ಧ ಅಡಿ ಹೂತು ಸಿಕ್ಕಿಕೊಳ್ಳುತ್ತದೆ. ಆಮೇಲೆ ಸ್ವಿಚ್ ಒತ್ತಿಕೊಂಡೇ ಮಷಿನ್ನನ್ನು ಎಳೆದಾಡುವುದು. ಕೈಗೆ ಅತಿ ಕೆಟ್ಟ ಹೊತ್ತು ಅದೇ. ಅಂಚಿನಿಂದ ಶುರು ಮಾಡು. ಅಂಚಿಗೆ ಮೂರು ನಾಲ್ಕು ಇಂಚು ಒಳಗೆ ಬಿಟ್ಟು ಇಡು, ಹೊರಕ್ಕೆ ಸ್ವಲ್ಪ ವಾಲಿಸು. ತುಂಡು ಕಳಚಿ ಬೀಳುತ್ತದೆ. ರೊಟ್ಟಿಯನ್ನು ನಡುವಿನಿಂದ ಯಾರು ಮುರಿಯುತ್ತಾರೆ? ಸಿಕ್ಕಿಕೊಂಡರೆ ಸ್ವಿಚ್ ಬಿಡು, ಬಿಟ್ಟು ಕಳಚು, ಬೇರೆ ಬಿಟ್ಟು ಹಾಕಿ ಪಕ್ಕದಲ್ಲಿ ಒಡೆದು ಅದನ್ನು ಬಿಡಿಸು. ಗಟ್ಟಿ ಕಾಂಕ್ರೀಟಿಗೆ ಚೂಪು ಬಿಟ್ಟು, ಇಟ್ಟಿಗೆ ಗೋಡೆಗೆ ಚಪ್ಪಟೆ ಬಿಟ್ಟು.

ಬಿಟ್ಟು ಮೊಂಡಾದರೆ? ಹೆಚ್ಚು ಹೊತ್ತು ಹೊಡೆಯಬೇಕು, ಹೆಚ್ಚು ಪುಟಿತ, ಹೆಚ್ಚು ನಡುಕ. ಮುಂಜಾನೆ ಮೂರು ಬಿಟ್ಟು ಚೂಪು ಮಾಡಿಕೊಂಡು ಹೋಗು. ಗ್ರೈಂಡರ್‌ಗೆ ಹಿಡಿಯುವಾಗ ತುದಿ ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತು ಅಂತ ಲೆಕ್ಕ. ಆ ಬಿಟ್ಟು ಮಧ್ಯಾಹ್ನದೊಳಗೆ ಮತ್ತೆ ಮೊಂಡು. ನೀರಿನಲ್ಲಿ ಅದ್ದುತ್ತಾ ನಿಧಾನ ಮಾಡು, ಇಲ್ಲ ಕುಲುಮೆಗೆ ಕೊಡು. ಬಿಟ್ಟನ್ನು ಮಷಿನ್ನಿಗೆ ಹಾಕಿ ಅತ್ತಿತ್ತ ಅಲುಗಾಡಿಸಿ ನೋಡು. ಜಾಸ್ತಿ ಆಡಿದರೆ ಬಿಟ್ಟು ಕೂರುವ ಮುಂದಿನ ಗಿಡ್ಡ ಕೊಳವೆ, ಅಂದರೆ ಬುಷ್, ಸವೆದಿದೆ, ಬದಲಿಸಬೇಕು.

ಕೊನೆಗೆ ನಿನ್ನ ಕೈ. ನಾನು ಮೆಕ್ಯಾನಿಕ್, ಡಾಕ್ಟರ್ ಅಲ್ಲ. ಆದರೆ ರಾತ್ರಿ ಜೋಮು ಹಿಡಿಯುವುದು, ಝಾಡಿಸಿದರೆ ಹಗುರ ಆಗುವುದು, ಇದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಾಗ ಕಾಣುವ ಲಕ್ಷಣ. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲೇ ಜಾಸ್ತಿ ಇದ್ದರೆ ಇನ್ನೂ ಅನುಮಾನ. ಸಕ್ಕರೆ ಕಾಯಿಲೆ, ಬಿ12 ಕೊರತೆ, ಕತ್ತಿನ ತೊಂದರೆಗೂ ಜೋಮು ಬರುತ್ತದೆ. ಅದಕ್ಕೇ ತೋರಿಸು ಅನ್ನುವುದು. ಡಾಕ್ಟರ್ ಮುಂದೆ ‘ಕೂಲಿ ಕೆಲಸ’ ಅಂತ ಹೇಳಿ ಸುಮ್ಮನಾಗಬೇಡ. ‘ಆರು ವರ್ಷದಿಂದ ಬ್ರೇಕರ್ ಹೊಡೆಯುತ್ತೇನೆ, ದಿನಕ್ಕೆ ಇಷ್ಟು ತಾಸು’ ಅಂತ ಬಾಯಿ ಬಿಟ್ಟು ಹೇಳು. ಆ ಒಂದು ಮಾತಿನಿಂದ ಅವರು ಯೋಚಿಸುವ ದಿಕ್ಕೇ ಬೇರೆ ಆಗುತ್ತದೆ. ನರದ ಪರೀಕ್ಷೆ ಬರೆದುಕೊಟ್ಟರೆ ಮಾಡಿಸು. ಬೇಗ ಹಿಡಿದರೆ, ಮಷಿನ್ ಬಿಟ್ಟರೆ, ಸುಧಾರಿಸುವುದುಂಟು. ತಡ ಮಾಡಿದರೆ ಸತ್ತ ಸ್ಪರ್ಶ ವಾಪಸ್ ಬರುತ್ತದೆ ಅನ್ನುವ ಭರವಸೆ ಇಲ್ಲ. ನನ್ನನ್ನೇ ನೋಡು. ಇಪ್ಪತ್ತು ವರ್ಷ ರಿಪೇರಿ ಆದ ಮಷಿನ್ನನ್ನೆಲ್ಲ ನಾನೇ ಹಿಡಿದು ಟೆಸ್ಟ್ ಮಾಡಿದೆ. ಈಗ ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡಿನ ಮುಚ್ಚಳದ ಸಣ್ಣ ಸ್ಕ್ರೂ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಕಣ್ಣಿಂದ ನೋಡಿಯೇ ತಿಳಿಯಬೇಕು.

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಸಣ್ಣ ಗುತ್ತಿಗೆದಾರ. ಕಂಪನ ಕಡಿಮೆ ಅಂತ ದುಬಾರಿ ಬ್ರೇಕರ್ ತಂದೆ. ಅದರ ಹಿಡಿಕೆ ಒತ್ತಿದರೆ ಅಲುಗಾಡುತ್ತದೆ. ಹುಡುಗರು ಲೂಸ್ ಇದೆ ಅಂತಾರೆ. ಟೈಟ್ ಮಾಡಿಸಲೇ? ಕಂಪನ ತಡೆಯುವ ಕೈಚೀಲವೂ (ಗ್ಲೌಸ್) ತರಬೇಕೆಂದಿದ್ದೇನೆ, ಉಪಯೋಗ ಇದೆಯೇ? ದಿನಕ್ಕೆ ಒಬ್ಬ ಎಷ್ಟು ಹೊತ್ತು ಹೊಡೆಯಬಹುದು?

ಉತ್ತರ: ಟೈಟ್ ಮಾಡಿಸಬೇಡಿ. ದಯವಿಟ್ಟು ಬೇಡ. ಈ ಪ್ರಶ್ನೆಗೆ ನಾನು ಒಂದು ಸಲ ತಪ್ಪು ಉತ್ತರ ಕೊಟ್ಟಿದ್ದೇನೆ, ಅದನ್ನೇ ಹೇಳಿಬಿಡುತ್ತೇನೆ.

ಹತ್ತು ಹನ್ನೆರಡು ವರ್ಷದ ಹಿಂದೆ ಇರಬೇಕು. ಒಬ್ಬರು ಹೊಸ ಮಷಿನ್ ತಂದು ಬೆಂಚಿನ ಮೇಲಿಟ್ಟು, ‘ಹಿಡಿಕಿ ಅಲುಗಾಡ್ತದ ಅಣ್ಣಾ, ಗಚ್ಚಿ ಮಾಡಿ ಕೊಡ್ರಿ’ ಅಂದರು. ಬಿಚ್ಚಿದೆ. ಹಿಡಿಕೆಗೂ ಮೈಗೂ ನಡುವೆ ಎರಡು ಸ್ಪ್ರಿಂಗ್, ಒಂದು ರಬ್ಬರ್. ಅಂಥ ಮಷಿನ್ ನಾನು ಆಗ ಜಾಸ್ತಿ ನೋಡಿರಲಿಲ್ಲ. ಲೇತ್ ಅಂಗಡಿಗೆ ಹೋಗಿ ಎರಡು ಪೈಪ್ ತುಂಡು ಅಳತೆಗೆ ಕತ್ತರಿಸಿ ತಂದೆ. ಸ್ಪ್ರಿಂಗ್ ತೆಗೆದು ಪೈಪ್ ಕೂರಿಸಿ ಬೋಲ್ಟ್ ಬಿಗಿದೆ. ಹಿಡಿಕೆ ಬಂಡೆಯ ಹಾಗೆ ಕೂತಿತು. 150 ರೂಪಾಯಿ ತೆಗೆದುಕೊಂಡೆ. ಕೆಲಸ ಚೆನ್ನಾಗಿ ಆಯಿತು ಅಂತ ಹೆಮ್ಮೆ ಬೇರೆ.

ಎಂಟು ತಿಂಗಳಿಗೆ ಅದೇ ಮಷಿನ್ ಕಾರ್ಬನ್ ಬದಲಿಸಲು ಬಂತು. ಈ ಸಲ ತಂದವರು ಮಾಲೀಕರಲ್ಲ, ಹೊಡೆಯುವ ಹುಡುಗ. ಚಹಾ ತರಿಸಿದೆ. ಅವನು ಗಿಲಾಸನ್ನು ಎರಡೂ ಕೈಯಲ್ಲಿ ಹಿಡಿದ. ‘ಬಿಸಿ ಅದ, ಅಂಚು ಹಿಡಿಯೋ’ ಅಂದೆ. ‘ಬಿಸಿ ಅದನೋ ಇಲ್ಲೋ ತಿಳಿವಲ್ದು ಅಣ್ಣಾ’ ಅಂದ. ಅವನ ಕೈ ಹಾಳಾದದ್ದು ನನ್ನ ಪೈಪಿನಿಂದಲೇ ಅಂತ ಹೇಳಲು ಬರುವುದಿಲ್ಲ. ಹಿಂದಿನ ಮಷಿನ್‌ಗಳೂ ಅದನ್ನು ತಿಂದಿದ್ದವು. ಆದರೆ ಆ ಎಂಟು ತಿಂಗಳು ನನ್ನ ಲೆಕ್ಕದಲ್ಲಿವೆ. ಪೈಪ್ ತೆಗೆದು ಸ್ಪ್ರಿಂಗ್ ಹಾಕಿ ಕಳಿಸಿದೆ. ಹಳೆ ಸ್ಪ್ರಿಂಗ್ ಎಸೆದಿರಲಿಲ್ಲ, ಡಬ್ಬಿಯಲ್ಲೇ ಬಿದ್ದಿದ್ದವು.

ನಿಮ್ಮ ಮಷಿನ್ ಒಳಗೆ ಇಂಥದ್ದೇ ಒಂದು ಏರ್ಪಾಡು ಇದೆ. ಬೇರೆ ಬೇರೆ ಕಂಪನಿಯವರು ಬೇರೆ ಬೇರೆ ಹೆಸರಿಡುತ್ತಾರೆ. ಹಿಲ್ಟಿಯವರು ಎವಿಆರ್ ಅಂತಾರೆ, ಮಕಿಟಾದವರು ಎವಿಟಿ ಅಂತಾರೆ. ಮುಖ್ಯವಾಗಿ ಎರಡು ದಾರಿ. ಒಂದು, ಹಿಡಿಕೆಯನ್ನು ಸ್ಪ್ರಿಂಗ್ ಮೇಲೆ ಕೂರಿಸಿ ಮೈಯಿಂದ ಬೇರೆ ಮಾಡುವುದು. ಮೈ ಕುಣಿಯುತ್ತದೆ, ಹಿಡಿಕೆ ಹೆಚ್ಚು ಕುಣಿಯುವುದಿಲ್ಲ. ಎರಡು, ಒಳಗೆ ಇನ್ನೊಂದು ಭಾರದ ತುಂಡು ಇಡುವುದು. ಪಿಸ್ಟನ್ ಮುಂದೆ ಹೋದರೆ ಅದು ಹಿಂದೆ ಬರುತ್ತದೆ. ಒಂದರ ಒದೆತವನ್ನು ಇನ್ನೊಂದು ಕಡಿಮೆ ಮಾಡುತ್ತದೆ. ಕೆಲವು ಮಷಿನ್‌ಗಳಲ್ಲಿ ಎರಡೂ ಇವೆ.

ನಿಮ್ಮ ಹುಡುಗರಿಗೆ ಒಂದು ಸಂಗತಿ ತೋರಿಸಿ ಹೇಳಿ. ಸ್ಪ್ರಿಂಗ್ ಹಿಡಿಕೆ ಅರ್ಧ ಒತ್ತಿದಾಗ ಮಾತ್ರ ಕೆಲಸ ಮಾಡುತ್ತದೆ. ಮೈಭಾರ ಹಾಕಿ ಪೂರಾ ಕೆಳಗೆ ಒತ್ತಿದರೆ ಸ್ಪ್ರಿಂಗ್ ತಳಕ್ಕೆ ತಾಗಿ, ನನ್ನ ಪೈಪ್ ತುಂಡಿನ ಹಾಗೆಯೇ ಆಗುತ್ತದೆ. ದುಬಾರಿ ಮಷಿನ್ ತಂದು ಹಾಗೆ ಒತ್ತಿದರೆ ದುಡ್ಡು ನೀರಿಗೆ ಹಾಕಿದಂತೆ.

ಕೈಚೀಲದ ಬಗ್ಗೆ ಆಸೆ ಕಡಿಮೆ ಇಟ್ಟುಕೊಳ್ಳಿ. ಮೆತ್ತನೆಯ ಕೈಚೀಲ ತಡೆಯುವುದು ಸೆಕೆಂಡಿಗೆ ನೂರಾರು ಸಲ ನಡುಗುವ ಸಣ್ಣ ಕಂಪನವನ್ನು, ಗ್ರೈಂಡರಿನಂಥದ್ದನ್ನು. ಬ್ರೇಕರ್ ಹೊಡೆಯುವುದು ಸೆಕೆಂಡಿಗೆ ಇಪ್ಪತ್ತರ ಆಸುಪಾಸು. ಆ ನಿಧಾನದ ದೊಡ್ಡ ಹೊಡೆತ ಕೈಚೀಲವನ್ನು ದಾಟಿ ನೇರ ಹೋಗುತ್ತದೆ. ಕೈಗೆ ಹೆಚ್ಚು ತಾಗುವುದೂ ಇಂಥ ನಿಧಾನದ ನಡುಕವೇ. ಅಂತರರಾಷ್ಟ್ರೀಯ ಅಳತೆ ಪದ್ಧತಿಯಲ್ಲಿ ಸೆಕೆಂಡಿಗೆ 8ರಿಂದ 16 ಸಲದ ನಡುಕಕ್ಕೆ ಅತಿ ಹೆಚ್ಚು ತೂಕ ಕೊಟ್ಟಿದ್ದಾರೆ. ಅದೂ ಅಲ್ಲದೆ ದಪ್ಪ ಕೈಚೀಲ ಹಾಕಿದರೆ ಹಿಡಿತ ಸಾಲದು ಅಂತ ಇನ್ನೂ ಬಿಗಿ ಹಿಡಿಯುತ್ತಾರೆ. ಸರಳು ಗೀರದಿರಲಿ, ಚಳಿಯಲ್ಲಿ ಬೆಚ್ಚಗಿರಲಿ ಅಂತ ಸಾದಾ ಕೈಚೀಲ ಕೊಡಿ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸಬೇಡಿ.

ಎಷ್ಟು ಹೊತ್ತು ಅನ್ನುವುದಕ್ಕೆ ಬ್ರಿಟನ್ನಿನವರ ಒಂದು ಸುಲಭ ಲೆಕ್ಕ ಇದೆ, ನನಗೆ ಬಹಳ ಹಿಡಿಸಿದೆ. ಮಷಿನ್ ಜೊತೆ ಬರುವ ಪುಸ್ತಕದಲ್ಲಿ ಕಂಪನದ ಅಂಕಿ ಬರೆದಿರುತ್ತಾರೆ, ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಅಂತ. ನಾವು ಡಬ್ಬಿ ಜೊತೆ ಎಸೆಯುವ ಪುಸ್ತಕ ಅದೇ. ಆ ಅಂಕಿಯನ್ನು ಅದರಿಂದಲೇ ಗುಣಿಸಿ, ಆಮೇಲೆ ಎರಡರಿಂದ ಗುಣಿಸಿ. ಬಂದದ್ದು ಒಂದು ತಾಸು ಹೊಡೆದರೆ ಆಗುವ ಪಾಯಿಂಟ್. ದಿನಕ್ಕೆ 100 ಪಾಯಿಂಟ್ ದಾಟಿದರೆ ಮಾಲೀಕರು ಕಂಪನ ಇಳಿಸಲು ಏನಾದರೂ ಮಾಡಲೇಬೇಕು. 400 ದಾಟಲೇಬಾರದು. ಅಲ್ಲಿ 2005ರಿಂದ ಇದು ಕಾನೂನು.

ಅಂಕಿ 14 ಇದ್ದರೆ 14 ಸಲ 14 ಅಂದರೆ 196, ಎರಡರಿಂದ ಗುಣಿಸಿದರೆ 392. ಒಂದೇ ತಾಸಿಗೆ ದಿನದ ಲೆಕ್ಕ ಮುಗಿಯಿತು. ಅಂಕಿ 7 ಇದ್ದರೆ ತಾಸಿಗೆ 98. ನಾಲ್ಕು ತಾಸು ಸಿಗುತ್ತದೆ. ನೋಡಿ, ಕಂಪನ ಅರ್ಧ ಆದರೆ ಸಮಯ ನಾಲ್ಕು ಪಟ್ಟು. ದುಬಾರಿ ಮಷಿನ್ ತಂದ ದುಡ್ಡು ವಸೂಲಾಗುವುದು ಇಲ್ಲೇ. ಇಲ್ಲಿ ತಾಸು ಅಂದರೆ ಸ್ವಿಚ್ ಒತ್ತಿದ ಹೊತ್ತು ಮಾತ್ರ. ಕಲ್ಲು ಎತ್ತುವುದು, ಬೀಡಿ, ಊಟ ಎಲ್ಲ ಬಿಟ್ಟು. ಒಂದು ಎಚ್ಚರಿಕೆ. ಪುಸ್ತಕದ ಅಂಕಿ ಹೊಸ ಮಷಿನ್ನಿಗೆ, ಲ್ಯಾಬಿನಲ್ಲಿ ಅಳೆದದ್ದು. ಮೊಂಡು ಬಿಟ್ಟು, ಸವೆದ ಬುಷ್ ಇದ್ದರೆ ಸೈಟಿನಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಹಾಗಾಗಿ ಸಮಯ ಸ್ವಲ್ಪ ಕಡಿಮೆಯೇ ಹಿಡಿದು ಲೆಕ್ಕ ಹಾಕಿ.

ಒಂದು ಮಷಿನ್ನಿಗೆ ಇಬ್ಬರನ್ನು ಹಾಕಿ. ಒಬ್ಬ ಹದಿನೈದು ಇಪ್ಪತ್ತು ನಿಮಿಷ ಹೊಡೆಯಲಿ, ಇನ್ನೊಬ್ಬ ಮಣ್ಣು ಎತ್ತಲಿ, ಆಮೇಲೆ ಅದಲು ಬದಲು. ಇನ್ನೊಂದು ಮಾತು, ನಿಮಗೆ ಹಿಡಿಸದೇ ಇರಬಹುದು. ಚದರ ಅಡಿ ಲೆಕ್ಕಕ್ಕೆ ಕೂಲಿ ಕೊಟ್ಟರೆ ಯಾರೂ ಅದಲು ಬದಲು ಮಾಡುವುದಿಲ್ಲ. ದಿನದ ಪಗಾರ ಕೊಡಿ. ದೊಡ್ಡ ಪಾಯ, ದಪ್ಪ ಬೀಮ್ ಇದ್ದರೆ ಜೆಸಿಬಿಗೆ ಬ್ರೇಕರ್ ಹಾಕಿಸಿ, ಕೈಯಲ್ಲಿ ಮಾಡಿಸಬೇಡಿ. ಒಳಗಿನ ಬಂಡೆ ಇದ್ದರೆ ತೂತು ಕೊರೆದು, ಸುಣ್ಣದಿಂದ ಮಾಡಿದ ಉಬ್ಬುವ ಪುಡಿಯನ್ನು ನೀರಲ್ಲಿ ಕಲಸಿ ಸುರಿದರೆ ಸದ್ದಿಲ್ಲದೆ ಬಿರಿಯುತ್ತದೆ. ಸುರಿದ ಮೇಲೆ ತೂತಿಗೆ ಮುಖ ಬಗ್ಗಿಸಿ ನೋಡಬಾರದು, ಕೆಲವೊಮ್ಮೆ ಕಣ್ಣಿಗೆ ಚಿಮ್ಮುತ್ತದೆ.

ಪ್ರಶ್ನೆ: ಬ್ರೇಕರ್‌ಗೆ ಗ್ರೀಸ್ ಬದಲು ಬೈಕಿನ ಹಳೆ ಇಂಜಿನ್ ಆಯಿಲ್ ಹಾಕಬಹುದಾ? (ಚಿತ್ತಾಪುರ)

ಉತ್ತರ: ಬೇಡ. ಗ್ರೀಸ್ ಕೂಡ ತುಂಬಿ ತುಳುಕಿಸಬೇಡಿ. ಜಾಸ್ತಿಯಾದರೂ ಸ್ಟ್ರೈಕರ್ ಸರಿಯಾಗಿ ಓಡುವುದಿಲ್ಲ.

ಪ್ರಶ್ನೆ: ಸರ್, ನಾವು ಬೀದರ್ ತಾಲೂಕಿನವರು, ನಾನು ಬಿ.ಎ. ಓದುತ್ತಿದ್ದೇನೆ. ನಮ್ಮಪ್ಪ 20 ವರ್ಷ ಟ್ರ್ಯಾಕ್ಟರ್ ಕಂಪ್ರೆಸರ್ ಮೇಲೆ ಬಾವಿ ಕೆಲಸ ಮಾಡಿದ್ದಾರೆ. ಡಿಸೆಂಬರ್‌ನಲ್ಲಿ ಮುಂಜಾನೆ ಹಾಲಿನ ಕ್ಯಾನ್ ಹಿಡಿದರೆ ಎಡಗೈಯ ಎರಡು ಬೆರಳು ಸುಣ್ಣ ಹಚ್ಚಿದ ಹಾಗೆ ಬೆಳ್ಳಗಾಗುತ್ತವೆ. ಅರ್ಧ ತಾಸಿಗೆ ಕೆಂಪಾಗಿ ಉರಿಯುತ್ತವೆ, ಆಮೇಲೆ ಸರಿ. ಊರಲ್ಲಿ ಕೆಲವರು ತೊನ್ನು ಅಂತಾರೆ, ಕೆಲವರು ಕುಷ್ಠ ಅಂತ ಗುಸುಗುಸು. ಅಕ್ಕನ ಮದುವೆ ಮಾತು ನಡೆದಿದೆ.

ಉತ್ತರ: ತಂಗಿ, ಅರ್ಧ ತಾಸಿಗೆ ಬಂದು ಹೋಗುವ ತೊನ್ನು ಎಲ್ಲೂ ಇಲ್ಲ. ಚಳಿಗೆ ಬೆಳ್ಳಗಾಗಿ, ಬಿಸಿಗೆ ಕೆಂಪಾಗುವುದು ಬೆರಳಿನ ಸಣ್ಣ ರಕ್ತನಾಳಗಳು ಮುಚ್ಚಿ ತೆರೆಯುವ ಲಕ್ಷಣ. 1862ರಲ್ಲಿ ಮೋರಿಸ್ ರೇನೋ ಅನ್ನುವ ಫ್ರೆಂಚ್ ವೈದ್ಯ ಇದನ್ನು ಬರೆದಿಟ್ಟ. ಗಾಳಿ ಸುತ್ತಿಗೆ (ಕಂಪ್ರೆಸರ್ ಗಾಳಿಯಿಂದ ಹೊಡೆಯುವಂಥದ್ದು) ಹಿಡಿದವರಿಗೆ ಇದು ಬರುತ್ತದೆ ಅಂತ ಇಟಲಿಯ ಲೋರಿಗಾ 1911ರಲ್ಲಿ ಹೇಳಿದ. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಬೆಡ್‌ಫರ್ಡ್ ಊರಿಗೆ ಹೋಗಿ ಕಲ್ಲುಕುಟಿಗರನ್ನು ನೋಡಿದರು. ಅಲ್ಲಿಯದು ಸುಣ್ಣದ ಕಲ್ಲು, ನಮ್ಮ ಶಹಾಬಾದ್ ಕಲ್ಲಿನ ದಾಯಾದಿ ಅನ್ನು. ಬಲಗೈಯಲ್ಲಿ ಗಾಳಿ ಸುತ್ತಿಗೆ, ಎಡಗೈಯಲ್ಲಿ ಉಳಿ ಬಿಗಿ ಹಿಡಿದು ಕೆಲಸ. ಚಳಿಯ ಮುಂಜಾನೆ ಬೆರಳು ಬೆಳ್ಳಗೆ, ಅದೂ ಎಡಗೈಯಲ್ಲೇ ಹೆಚ್ಚು. ನಿನ್ನ ಪತ್ರ ಓದಿದಾಗ ನನಗೆ ಅದೇ ನೆನಪಾಯಿತು.

ಕಂಪ್ರೆಸರ್ ಕೆಲಸದಲ್ಲಿ ಇನ್ನೊಂದು ತೊಂದರೆ ಇದೆ. ಅದರ ಸುತ್ತಿಗೆಯಲ್ಲಿ ಮೋಟಾರ್ ಇಲ್ಲ. ಪೈಪಿನಿಂದ ಬಂದ ಒತ್ತಡದ ಗಾಳಿಯನ್ನು ಒಂದು ವಾಲ್ವು ಪಿಸ್ಟನ್ನಿನ ಮೇಲೊಮ್ಮೆ ಕೆಳಗೊಮ್ಮೆ ಬಿಟ್ಟು ಹೊಡೆಸುತ್ತದೆ. ಕೆಲಸ ಮುಗಿಸಿ ಹೊರಬರುವ ಆ ಗಾಳಿ ತಣ್ಣಗಿರುತ್ತದೆ. ಕೈ ಹತ್ತಿರವೇ ಊದುತ್ತದೆ. ನಿಮ್ಮ ಕಡೆ ಮೇಲೆ ಕೆಂಪು ಜಂಬಿಟ್ಟಿಗೆ, ಅದನ್ನು ದಾಟಿದರೆ ಕರಿ ಬಂಡೆ. ಬೀದರಿನ ಹಳೆ ಸುರಂಗ ಬಾವಿಯನ್ನು ಜನ ಬರೀ ಕೈಯಿಂದ ಕಡಿದದ್ದು ಜಂಬಿಟ್ಟಿಗೆ ಮೆತ್ತಗಿದ್ದುದರಿಂದ. ಕರಿ ಬಂಡೆ ಹಾಗೆ ಬಗ್ಗುವುದಿಲ್ಲ. ಅದನ್ನು 20 ವರ್ಷ ಕೊರೆದ ಕೈ ಅದು. ಕಲಬುರಗಿಯ ಬಿಸಿಲಲ್ಲಿ ಬೆಳೆದ ನಮ್ಮಂಥವರ ಕೈ ಬೆಳ್ಳಗಾಗುವುದು ಅಪರೂಪ, ಜೋಮೇ ಜಾಸ್ತಿ. ನಿಮ್ಮ ಬೀದರಿನ ಡಿಸೆಂಬರ್ ಮುಂಜಾನೆಯೇ ಬೇರೆ.

ಹೀಗೆ ಮಾಡಿ. ಬೆರಳು ಬೆಳ್ಳಗಿರುವಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡು. ಯಾಕಂದರೆ ಮಧ್ಯಾಹ್ನ ಹನ್ನೆರಡಕ್ಕೆ ಆಸ್ಪತ್ರೆಗೆ ಹೋದರೆ ಬೆರಳು ಎಲ್ಲರಂತೆಯೇ ಇರುತ್ತದೆ, ಡಾಕ್ಟರಿಗೆ ತೋರಿಸಲು ಏನೂ ಇರುವುದಿಲ್ಲ. ಆ ಫೋಟೋ, 20 ವರ್ಷದ ಕೆಲಸದ ವಿವರ, ಎರಡನ್ನೂ ಹೇಳಿ. ಬೇರೆ ಕಾಯಿಲೆಗೂ ಬೆರಳು ಹೀಗಾಗುವುದುಂಟು, ಅವರು ಪರೀಕ್ಷೆ ಮಾಡಲಿ. ಕುಷ್ಠದ ಅನುಮಾನವನ್ನೂ ಅಲ್ಲೇ ಬಗೆಹರಿಸಿಕೊಳ್ಳಿ. ಅದು ಇದ್ದರೂ ಪೂರಾ ವಾಸಿಯಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ. ಗುಸುಗುಸು ಮಾಡುವವರಿಗೆ ಅದೂ ಗೊತ್ತಿರಲಿಕ್ಕಿಲ್ಲ.

ಅಪ್ಪ ಬೀಡಿ ಸೇದುತ್ತಾರಾ? ನೀನು ಬರೆದಿಲ್ಲ. ಸೇದಿದರೆ ಬಿಡಿಸು. ತಂಬಾಕು ಅದೇ ಸಣ್ಣ ನಾಳಗಳನ್ನು ಇನ್ನೂ ಹಿಂಡುತ್ತದೆ. ಮುಂಜಾನೆ ಉಣ್ಣೆ ಕೈಚೀಲ ಹಾಕಲಿ, ಮೈಯೂ ಬೆಚ್ಚಗಿರಲಿ. ಕ್ಯಾನ್ ಹಿಡಿಕೆಗೆ ಬಟ್ಟೆ ಸುತ್ತಿ. ಬೆಳ್ಳಗಾದಾಗ ಬೆಂಕಿಗೆ ಹಿಡಿಯಬಾರದು, ಸ್ಪರ್ಶ ಇಲ್ಲದ ಬೆರಳು ಸುಟ್ಟರೂ ತಿಳಿಯುವುದಿಲ್ಲ. ಉಗುರುಬೆಚ್ಚಗಿನ ನೀರು ಸಾಕು. ಕಂಪ್ರೆಸರ್ ಕೆಲಸಕ್ಕೆ ಇನ್ನು ಕಳಿಸಬೇಡಿ. ಮದುವೆ ಮಾತಿಗೆ ಬಂದವರಿಗೆ ಇದು ಬಾವಿ ಕೆಲಸದಿಂದ ಬಂದದ್ದು, ಅಂಟುವುದಿಲ್ಲ, ಮಕ್ಕಳಿಗೆ ಹೋಗುವುದಿಲ್ಲ ಅಂತ ಡಾಕ್ಟರ್ ಬಾಯಿಂದಲೇ ಹೇಳಿಸಿ. ನನ್ನ ಈ ಪತ್ರಕ್ಕಿಂತ ಅದು ಹೆಚ್ಚು ತೂಕ.

ಪ್ರಶ್ನೆ: ಯಾದಗಿರಿ ಹತ್ತಿರ ನಮ್ಮದು ಹಳೆ ಮನೆ. ನೆಲದ ಫರಸಿ ತೆಗೆದು ಟೈಲ್ಸ್ ಹಾಕಿಸಬೇಕು. ಹಿಂದೆ ಒಮ್ಮೆ ದೊಡ್ಡ ಬ್ರೇಕರ್ ಬಾಡಿಗೆಗೆ ತಂದಿದ್ದೆವು, ಏಟೇ ಇರಲಿಲ್ಲ. ಬಾಡಿಗೆಯವರು ಮೋಸ ಮಾಡಿದರಾ?

ಉತ್ತರ: ಮೋಸ ಇರಲಿಕ್ಕಿಲ್ಲ ರೀ. ಎಲ್ಲಿಂದ ಕರೆಂಟ್ ಎಳೆದಿದ್ದಿರಿ? ಬಹಳ ಸಲ ಹೀಗಾಗುತ್ತದೆ. ಮೊದಲೇ ಊರಲ್ಲಿ ವೋಲ್ಟೇಜ್ ಕಡಿಮೆ. ಮೇಲೆ ಮದುವೆ ಪೆಂಡಾಲಿನ ತೆಳು ವೈರು ಐವತ್ತು ಮೀಟರ್. ಮೋಟಾರಿಗೆ ತಲುಪುವಷ್ಟರಲ್ಲಿ ಅರ್ಧ ಜೀವ. ವೇಗ ಇಳಿದರೆ ಏಟೂ ಇಳಿಯಿತು. ಹುಡುಗ ಒತ್ತುತ್ತಾನೆ, ಕೈ ನಡುಗುತ್ತದೆ, ನೆಲ ಮಾತ್ರ ಹಾಗೇ. ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು ತನ್ನಿ, ಆದಷ್ಟು ಗಿಡ್ಡ ಇರಲಿ. ಸುರುಳಿ ಪೂರಾ ಬಿಚ್ಚಿ ಹಾಕಿ, ಇಲ್ಲವಾದರೆ ಒಳಗೇ ಕಾಯುತ್ತದೆ. ಕರೆಂಟ್ ಸೋರಿದರೆ ತಾನಾಗಿ ಬೀಳುವ ಈಎಲ್‌ಸಿಬಿ ಮನೆಯಲ್ಲಿ ಇದೆಯೇ ನೋಡಿಕೊಳ್ಳಿ.

ಆದರೆ ನಿಮ್ಮ ಕೆಲಸಕ್ಕೆ ದೊಡ್ಡ ಬ್ರೇಕರ್ ಬೇಕೇ ಇಲ್ಲ. ಹಳೆ ಫರಸಿ ಸುಣ್ಣದ ಗಾರೆ ಮೇಲೆ ಕೂತಿರುತ್ತದೆ. ಬಾಗಿಲ ಹತ್ತಿರದ ಒಂದು ಕಲ್ಲು ಒಡೆದು ತೆಗೆಯಿರಿ. ಆ ಸಂದಿಯಿಂದ ಹಾರೆ ತೂರಿಸಿ ಮೀಟಿದರೆ ಮುಂದಿನವು ಒಂದೊಂದಾಗಿ ಇಡಿಯಾಗಿ ಏಳುತ್ತವೆ. ಸಿಮೆಂಟ್ ಹಾಕಿ ಕೂರಿಸಿದ ಕಡೆ ಮಾತ್ರ ಐದು ಕೆಜಿಯ ಸಣ್ಣ ಮಷಿನ್, ಅಗಲ ಬಿಟ್ಟು. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಮಷಿನ್ನಿಗೆ ತಾಗದ ಹಾಗೆ. ಮೂಗಿಗೆ ಮಾಸ್ಕ್ ಇರಲಿ. ಇಡಿಯಾಗಿ ಎದ್ದ ಕಲ್ಲಿನ ಹಿಂದೆ ಸೀಮೆಸುಣ್ಣದಿಂದ ನಂಬರ್ ಬರೆದು ಗೋಡೆಗೆ ಒರಗಿಸಿಡಿ. ಅಂಗಳಕ್ಕೆ ಹಾಸಲು ಬರುತ್ತವೆ.